ಹಳದಿ ಬೋರ್ಡಿನ ಶಿರಸ್ತೇದಾರರು

ಚೂಡಾಮಣಿಯಮ್ಮನವರು ಓದದೆ ಯಾವ ಕಾಗದಕ್ಕೂ ಸಹಿ ಹಾಕುವವರಲ್ಲ. ಓದುವುದೆಂದರೆ ಸುಮ್ಮನೆ ಕಣ್ಣಾಡಿಸುವುದೂ ಅಲ್ಲ. ತುಟಿ ಬಿಚ್ಚಿ, ಅಕ್ಷರಕ್ಕೆ ಅಕ್ಷರ, ಎದುರಿಗಿದ್ದವರ ಕಿವಿಗೆ ಬೀಳುವಂತೆ ಓದುವುದು. ಗ್ಯಾಸ್ ಸಿಲಿಂಡರ್ ತಂದವನು ಚೀಟಿ ಚಾಚಿದರೆ, ಅವನು ಹೆಗಲಿನ ಭಾರ ಇಳಿಸಿ, ಬೆವರೊರೆಸಿಕೊಂಡು, ಜಗಲಿಯ ಕಂಬಕ್ಕೊರಗಿ ನಿಲ್ಲಬೇಕು. ಚೀಟಿಯ ಬೆನ್ನಿಗೆ ಇರುವೆಗಾತ್ರದಲ್ಲಿ ಅಚ್ಚಾದ ಸುರಕ್ಷತಾ ಸೂಚನೆಗಳೆಲ್ಲ ಮುಗಿದು, "ಸರಿಯಾಗಿದೆ" ಎಂಬ ತೀರ್ಪು ಬಿದ್ದ ಮೇಲೆಯೇ ಅವನಿಗೆ ಬಿಡುಗಡೆ. ಮೈಸೂರಿನ ಜಯಲಕ್ಷ್ಮಿಪುರಂನ ಅವರ ಮನೆಯ ಮಹಡಿಗೆ ನಾವು ಬಾಡಿಗೆಗೆ ಬಂದ ದಿನ ನನ್ನ ಮಗಳು ಲಹರಿಗೆ ನಲವತ್ತೆರಡು ದಿನ. ಕರಾರುಪತ್ರ ಓದಿ ಮುಗಿಯುವಷ್ಟರಲ್ಲಿ ಮಗು ಎರಡು ಸಲ ಎದ್ದು, ಎರಡು ಸಲ ಹಾಲು ಕುಡಿದು, ಎರಡು ಸಲ ಮಲಗಿತ್ತು. ನನ್ನ ಗಂಡ ನಿರಂಜನ್ ಆಕಳಿಕೆಯನ್ನು ಅಂಗೈಯಲ್ಲಿ ಮುಚ್ಚಿಕೊಳ್ಳುತ್ತಿದ್ದರೆ, ಅವರು ಒಂಬತ್ತನೆಯ ಷರತ್ತಿನ ಬಳಿ ನಿಂತು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ದಾಖಲೆಗೆ ಇರಲಿ ಅಂತ ಹೇಳ್ತೀನಿ ವಾಣಿ. ಗೋಡೆಗೆ ಮೊಳೆ ಹೊಡೀಬಾರದು ಅಂತಿದೆ ಇಲ್ಲಿ. ತೊಟ್ಟಿಲಿಗೆ ಕೊಕ್ಕೆ ಬೇಕಾಗುತ್ತಲ್ಲ, ಅದಕ್ಕೆ ಇದು ಅನ್ವಯಿಸಲ್ಲ. ಕೆಳಗೆ ಬರೆದು ಇಬ್ಬರೂ ಸಹಿ ಹಾಕೋಣ."

ಅಂದಿನಿಂದ ನಾನು ಅವರ ನಿಯಮಗಳಿಗೆ ಹೆದರುವುದನ್ನು ಬಿಟ್ಟೆ. ಹೆದರಬೇಕಾದದ್ದು ಬೇರೆಯದಕ್ಕೆ ಎಂಬುದು ತಿಳಿಯಲು ಒಂದು ವರ್ಷ ಹಿಡಿಯಿತು.

ಅವರ ನಡಿಗೆಯೂ ಆ ಓದಿನ ಹಾಗೆಯೇ ನೇರ. ನ್ಯಾಯಾಲಯದ ನೀಳವಾದ ಪಡಸಾಲೆಗಳಲ್ಲಿ ಮೂವತ್ತೊಂದು ವರ್ಷ ಕಡತಗಳನ್ನು ಎದೆಗವಚಿಕೊಂಡು ಓಡಾಡಿದವರ ನಡಿಗೆ ಅದು: ಹೆಜ್ಜೆ ಗಿಡ್ಡ, ವೇಗ ಹೆಚ್ಚು, ಬಲಭುಜ ತುಸು ಮೇಲೆ, ಎಡಗೈ ಬರಿದಾಗಿದ್ದಾಗಲೂ ಏನನ್ನೋ ಅವುಚಿಕೊಂಡಂತೆ ಮಡಚಿರುವುದು. ಗುಮಾಸ್ತೆಯಾಗಿ ಸೇರಿ ಶಿರಸ್ತೇದಾರರಾಗಿ ನಿವೃತ್ತರಾದವರು. ಪ್ರಮಾಣಪತ್ರ ಸಲ್ಲಿಸಲು ಬಂದವರಿಗೆ ಅದನ್ನು ಓದಿ ಹೇಳಿ, ಓದು ಬಂದವರಿಗೂ ಓದಿಯೇ ಹೇಳಿ, "ಇದರಲ್ಲಿರೋದೆಲ್ಲ ನಿಜ ತಾನೇ?" ಎಂದು ಕೇಳುವುದು ಅವರ ಕೆಲಸವಾಗಿತ್ತು, ಆ ಪ್ರಶ್ನೆಯ ಜೊತೆಗೆ ಬರುತ್ತಿದ್ದ ನೋಟಕ್ಕೆ ಅಳುಕಿ, ತಂದ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು ವಾಪಸು ಹೋದವರೂ ಉಂಟಂತೆ.

ಅವರ ಯಜಮಾನರು ವಾಗೀಶ ಮೇಷ್ಟ್ರು. ಸಂಸ್ಕೃತ ಪಾಠಶಾಲೆಯಲ್ಲಿ ವ್ಯಾಕರಣ ಹೇಳಿದವರು. ಮೂರು ತಲೆಮಾರು ಅರಮನೆಯ ಪುಸ್ತಕ ಭಂಡಾರವನ್ನು ನೋಡಿಕೊಂಡ ಮನೆತನ. ಮಾತು ಮೃದು, ಅಭಿಮಾನ ಮಾತ್ರ ಬಿರುಸು. ನಾವು ಬರುವ ಹೊತ್ತಿಗಾಗಲೇ ಅವರ ಮೂತ್ರಪಿಂಡಗಳೆರಡೂ ಸೋತು, ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್ ಎಂದು ನಿಗದಿಯಾಗಿತ್ತು. ಊದಿದ ಕಾಲುಗಳನ್ನು ಮಡಚಿ ಆಟೋ ಹತ್ತುವುದೆಂದರೆ ಅವರಿಗೆ ಪರ್ವತಾರೋಹಣ. ಫೋನಿನಲ್ಲಿ ಕರೆಸಿದ ಕಾರುಗಳಲ್ಲಿ ಅರ್ಧಕ್ಕರ್ಧ ಆಸ್ಪತ್ರೆಯ ಹೆಸರು ಕೇಳಿದೊಡನೆ ಬರುವುದಿಲ್ಲವೆನ್ನುತ್ತಿದ್ದವು. ಇದನ್ನೆಲ್ಲ ಕೇಳಿದ ಚೂಡಾಮಣಿಯಮ್ಮನವರ ತಮ್ಮ ಸುಂದರೇಶ, ಕೊಯಮತ್ತೂರಿನಲ್ಲಿ ತಾನು ಓಡಿಸುವುದನ್ನು ಬಿಟ್ಟಿದ್ದ ಏಳು ಸೀಟಿನ ದೊಡ್ಡ ಕಾರನ್ನು, ಹಿಂದೆಯೇ ಕಾರು ಓಡಿಸಲು ಕಲಿತಿದ್ದ ಅಕ್ಕನಿಗೆ ಕೊಟ್ಟುಬಿಟ್ಟ. ಸೀಟು ಎತ್ತರ, ಬಾಗಿಲು ಅಗಲ. ಮೇಷ್ಟ್ರು ನಿಂತ ನಿಲುವಿನಲ್ಲಿಯೇ ಬೆನ್ನು ಹಿಂದೆ ಮಾಡಿ ಕೂತುಬಿಡಬಹುದಿತ್ತು.

ಗಾಡಿ ಪುಕ್ಕಟೆ ಬಂತು, ತೆರಿಗೆ ಪುಕ್ಕಟೆಯಲ್ಲವಲ್ಲ. ಬೇರೆ ರಾಜ್ಯದ ಗಾಡಿಯನ್ನು ಇಲ್ಲಿ ಸ್ವಂತಕ್ಕೆಂದು ನೋಂದಾಯಿಸಲು ಕಟ್ಟಬೇಕಾದ ಲೈಫ್ ಟ್ಯಾಕ್ಸಿನ ಮೊತ್ತ ಕೇಳಿ ಚೂಡಾಮಣಿಯಮ್ಮನವರು ಆರ್‌ಟಿಒ ಕಚೇರಿಯ ಮೆಟ್ಟಿಲ ಮೇಲೆ ಕೂತುಬಿಟ್ಟರಂತೆ. ಔಷಧಿಗೂ ಡಯಾಲಿಸಿಸ್ಸಿಗೂ ಹೋಗಿ ಉಳಿಯುವ ಪಿಂಚಣಿಯಲ್ಲಿ ಅದು ಆಗುವ ಮಾತಾಗಿರಲಿಲ್ಲ. ಆಗ ಅವರ ಬಳಿಗೆ ಬಂದವನು ಗೋವಿಂದರಾಜು, ಸ್ಕೂಟರಿನ ಸೀಟನ್ನೇ ಮೇಜು ಮಾಡಿಕೊಂಡು ಇಪ್ಪತ್ತು ವರ್ಷದಿಂದ ಅಲ್ಲಿ ಅರ್ಜಿ ತುಂಬುವ ಏಜೆಂಟ್.

"ಅಷ್ಟೊಂದ್ ಯಾಕಮ್ಮ ಕಟ್ತೀರ? ಹಳದಿ ಬೋರ್ಡ್ ಮಾಡ್ಸ್ಬುಡಿ. ಬಾಡಿಗೆ ಗಾಡಿ ಅಂದ್ರೆ ಟ್ಯಾಕ್ಸು ಬೋ ಕಮ್ಮಿ ಆಯ್ತದೆ. ಆಮೇಲೆ ಓಡ್ಸೋದು ಬುಡೋದು ನಿಮ್ಮಿಷ್ಟ."

"ಕಾಗದ ತಯಾರು ಮಾಡು. ಓದಿ ಹೇಳ್ತೀನಿ," ಎಂದು ಬಂದರು.

ಓದಲಾಗಲಿಲ್ಲ. ಕಾಗದ ತಯಾರಾದ ದಿನವೇ ಮೇಷ್ಟ್ರ ತೋಳಿನಲ್ಲಿ ಸೂಜಿ ಚುಚ್ಚುವ ಕಡೆ ರಕ್ತ ಒಸರಿ ನಿಲ್ಲದೆ, ಅವರನ್ನು ಸ್ಟ್ರೆಚರಿನ ಮೇಲೆ ಮೇಲಿನ ಮಹಡಿಗೆ ಸಾಗಿಸುತ್ತಿದ್ದರು. ಅರ್ಜಿ ಸಲ್ಲಿಸಲು ಅಂದೇ ಕೊನೆಯ ದಿನವೆಂದು ಗೋವಿಂದರಾಜು ಆಸ್ಪತ್ರೆಗೇ ಓಡಿ ಬಂದ. ಎಂಟು ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದ. ಕಾರಿಡಾರಿನ ಗೋಡೆಗೆ ಕಾಗದವನ್ನು ಒತ್ತಿ ಹಿಡಿದು, ಕಣ್ಣನ್ನು ಲಿಫ್ಟಿನ ಬಾಗಿಲಲ್ಲಿಟ್ಟು, ಚೂಡಾಮಣಿಯಮ್ಮನವರು ಎಂಟು ಕಡೆಯೂ ಸಹಿ ಹಾಕಿದರು. ಒಂದು ಸಾಲನ್ನೂ ಓದಲಿಲ್ಲ.

ಮೇಷ್ಟ್ರು ಚೇತರಿಸಿಕೊಂಡರು. ಹತ್ತು ದಿನಕ್ಕೆ ಹಳದಿ ಫಲಕ ಹೊತ್ತ ಗಾಡಿ ಗೇಟಿನ ಮುಂದೆ ಬಂದು ನಿಂತಿತು. ಜೊತೆಗೆ ಕಾಗದಗಳ ಕಟ್ಟೂ ಬಂತು. ಮಧ್ಯಾಹ್ನ ಲಹರಿಯನ್ನು ತಟ್ಟಿ ಮಲಗಿಸುತ್ತಿದ್ದೆ; ಕೆಳಗಿನಿಂದ ಅವರು ಓದುವ ದನಿ, ದೂರದಲ್ಲಿ ಯಾರೋ ಪಾರಾಯಣ ಮಾಡುತ್ತಿರುವಂತೆ, ಏಕನಾದವಾಗಿ ಕೇಳುತ್ತಿತ್ತು. ನೋಂದಣಿ ಪತ್ರ ಮುಗಿಯಿತು, ವಿಮೆ ಮುಗಿಯಿತು, ಪರ್ಮಿಟ್ಟು ಮುಗಿಯಿತು. ಆಮೇಲಿನ ಕಾಗದದ ನಡುವೆ, ಒಂದು ವಾಕ್ಯ ಇನ್ನೂ ಅರ್ಧದಲ್ಲಿರುವಾಗ, ದನಿ ನಿಂತುಹೋಯಿತು. ಮತ್ತೆ ಶುರುವಾಗಲಿಲ್ಲ.

ನಾನು ಇಳಿದುಹೋದೆ. ಊಟದ ಮೇಜಿನ ಮುಂದೆ ಕೂತಿದ್ದರು. ಆ ಮುಖವನ್ನು ನಾನು ಮರೆಯಲಾರೆ. ಸತ್ತ ಸುದ್ದಿ ಬಂದ ಮನೆಗಳಲ್ಲಿ ಅಂಥ ಮುಖವನ್ನು ನೋಡಿದ್ದೆನೇ ಹೊರತು ಒಂದು ಹಾಳೆ ಕಾಗದದ ಮುಂದೆ ನೋಡಿರಲಿಲ್ಲ. ಬೆರಳಿಟ್ಟು ತೋರಿಸಿದರು. ಗೋವಿಂದರಾಜು ಟೈಪು ಮಾಡಿಸಿದ ಪ್ರಮಾಣಪತ್ರ. ಸದರಿ ವಾಹನವನ್ನು ಸ್ವಂತ ಉಪಯೋಗಕ್ಕೆ ಬಳಸದೆ, ಪ್ರಯಾಣಿಕರನ್ನು ಬಾಡಿಗೆಗೆ ಕೊಂಡೊಯ್ಯಲು ಮಾತ್ರ ಬಳಸುತ್ತೇನೆಂದು ಸತ್ಯಪ್ರಮಾಣವಾಗಿ ಹೇಳುತ್ತೇನೆ. ಅದರ ಕೆಳಗೆ, ಮೂವತ್ತೊಂದು ವರ್ಷ ಪರರ ಪ್ರಮಾಣಗಳ ಕೆಳಗೆ ಬಿದ್ದಿದ್ದ ಅದೇ ದುಂಡು ಸಹಿ.

"ಓದಿಲ್ಲ ಕಣೇ," ಎಂದರು. "ನಾನು. ಓದಿಲ್ಲ."

ಮರುದಿನ ಅವರ ಜೊತೆ ನಾನೂ ಮಗುವನ್ನು ಸೊಂಟಕ್ಕೇರಿಸಿಕೊಂಡು ಆರ್‌ಟಿಒ ಕಚೇರಿಯವರೆಗೆ ಹೋದೆ. ಅವರೊಬ್ಬರನ್ನೇ ಕಳಿಸಲು ಧೈರ್ಯ ಬರಲಿಲ್ಲ.

"ಗೋವಿಂದರಾಜು, ಇದರಲ್ಲಿ ಏನು ಬರೆಸಿದ್ದೀಯ ಗೊತ್ತೇನಪ್ಪ?"

"ಏನಮ್ಮ, ಮಾಮೂಲಿ ಒಕ್ಕಣೆ. ನಮ್ ಅಂಗ್ಡೀಲಿ ಮುಂಚಿಂದ್ಲೂ ಅದೇ."

"ಸ್ವಂತಕ್ಕೆ ಬಳಸಲ್ಲ, ಬಾಡಿಗೆಗೆ ಮಾತ್ರ ಓಡಿಸ್ತೀನಿ ಅಂತ ನಾನು ಪ್ರಮಾಣ ಮಾಡಿದ್ದೀನಿ."

"ಬುಡಿ ಅಮ್ಮ, ಅದು ಬರೀ ಪೇಪರ್ರು. ಅದಿಲ್ದಿದ್ರೂ ನಡೀತಿತ್ತು, ಒಂದಿರ್ಲಿ ಅಂತ ಇಟ್ಟೆ. ಯಾರೂ ಓದಾಕಿಲ್ಲ."

"ನಾನು ಓದಿದೆನಲ್ಲ."

ಅವನು ತಲೆ ಕೆರೆದುಕೊಂಡ. "ಅಂಗಾದ್ರೆ ವಾಪಸ್ ವೈಟ್ ಬೋರ್ಡಿಗೆ ಹಾಕ್ಸಿ. ಪೂರ್ತಿ ಟ್ಯಾಕ್ಸ್ ಕಟ್ಬೇಕಾಯ್ತದೆ." ವಾತಾವರಣ ಹಗುರ ಮಾಡಲೆಂದು ನಕ್ಕ: "ಇಲ್ಲಾಂದ್ರೆ ಒಂದ್ ಖಾಕಿ ಹಾಕ್ಕೊಂಡು ಓಡ್ಸ್ಬುಡಿ ಅಮ್ಮ, ಪೇಪರ್ ನಿಜ ಆಗೋಯ್ತದೆ."

ಚೂಡಾಮಣಿಯಮ್ಮನವರು ನಗಲಿಲ್ಲ. "ಖಾಕಿ ಬಟ್ಟೆ ಎಲ್ಲಿ ಸಿಗುತ್ತೆ?" ಎಂದರು.

ಗೋವಿಂದರಾಜು ಇನ್ನೂ ನಗುತ್ತಲೇ ಇದ್ದ. ಆ ನಗೆ ಅವನ ಮುಖದ ಮೇಲೆ ಏನು ಮಾಡಬೇಕೆಂದು ತೋಚದೆ ಸ್ವಲ್ಪ ಹೊತ್ತು ಉಳಿದುಕೊಂಡಿತು.

ಕೋಟು ಹೊಲಿದವನು ಲಾಯರುಗಳಿಗೆ ಕರಿಕೋಟು ಹೊಲಿಯುವ ರವಿಚಂದ್ರ. ಅವನಿಗೆ ಒಂದೇ ಕಟಿಂಗು ಗೊತ್ತಿತ್ತು. ಹೀಗಾಗಿ ಮೈಸೂರಿನ ರಸ್ತೆಗಳಲ್ಲಿ, ಇಳಕಲ್ ಸೀರೆಯ ಮೇಲೆ ವಕೀಲರ ಕೋಟಿನ ಆಕಾರದ ಖಾಕಿ ಕೋಟು ತೊಟ್ಟು, ಅದರ ಮೇಲ್ಜೇಬಿನಲ್ಲಿ ಪೆನ್ನು ಸಿಕ್ಕಿಸಿ, ಅರವತ್ತಮೂರು ವರ್ಷದ ಚಾಲಕಿಯೊಬ್ಬರು ಮಂಗಳವಾರ, ಗುರುವಾರ, ಶನಿವಾರ ಬಾಡಿಗೆಗೆ ಹೊರಡತೊಡಗಿದರು. ಸೋಮ, ಬುಧ, ಶುಕ್ರ ಮೇಷ್ಟ್ರ ಪಾಲು. ಮೊದಲ ದಿನ ಎದುರುಮನೆಯ ಸುಮಿತ್ರಮ್ಮ ರಂಗೋಲಿ ಪುಡಿಯ ಬಟ್ಟಲನ್ನು ಕೈಯಲ್ಲಿ ಹಿಡಿದವರು ಹಿಡಿದಂತೆಯೇ ನಿಂತರು.

"ಏನ್ರೀ ಚೂಡಾಮಣಿ, ಇದೇನು ವೇಷ? ಎಲ್ಲಾದ್ರೂ ನಾಟಕ ಗೀಟಕ ಇದೆಯಾ?"

"ಕೆಲಸಕ್ಕೆ ಹೊರಟೆ ಸುಮಿತ್ರಮ್ಮ."

"ಡ್ರೈವರ್ ಕೆಲಸಾನಾ? ಶಿವನೇ. ಮೇಷ್ಟ್ರಿಗೆ ಗೊತ್ತೇನ್ರೀ?"

"ಗೊತ್ತು. ಈಗ ನಿಮಗೂ ಗೊತ್ತಾಯ್ತು. ಎಲ್ಲಿಗಾದ್ರೂ ಹೋಗೋದಿದ್ರೆ ಹೇಳಿ, ನಂಬರ್ ಕೊಡ್ತೀನಿ."

ಫೋನಿನಲ್ಲಿ ಗಿರಾಕಿ ಹುಡುಕಿಕೊಡುವ ಕಂಪನಿಯೊಂದಕ್ಕೆ ಸೇರಿಕೊಳ್ಳಿ ಎಂದು ನಾನೇ ಸಲಹೆ ಕೊಟ್ಟೆ. ಅದರ ಷರತ್ತುಗಳನ್ನು ಎರಡು ದಿನ ಕೂತು ಓದಿ, ಹದಿನೇಳನೆಯದು ತಮ್ಮ ಆತ್ಮಸಾಕ್ಷಿಗೆ ಒಪ್ಪದೆಂದು ಬಿಟ್ಟರು. ಬಾಯಿಂದ ಬಾಯಿಗೆ ಹೋದ ಹೆಸರಿನಿಂದಲೇ ಗಿರಾಕಿಗಳು ಬಂದರು; ಯೋಗ ಕಲಿಯಲು ಬಂದು ಗೋಕುಲಂನಿಂದ ಮಂಡಕಳ್ಳಿಯ ವಿಮಾನ ನಿಲ್ದಾಣಕ್ಕೆ ಹೋಗುವ ವಿದೇಶೀಯರೇ ಹೆಚ್ಚು. ಗಾಡಿ ಹೊರಡುವ ಮೊದಲು ದರ, ಕಾಯುವಿಕೆಯ ದರ, ಸಾಮಾನಿನ ಹೊಣೆ ಇವನ್ನೆಲ್ಲ ಇಂಗ್ಲಿಷಿನಲ್ಲಿ ನಿಧಾನವಾಗಿ ಓದಿ ಹೇಳುವರು. ಒಬ್ಬ ಹುಡುಗಿ ಅದನ್ನು ಯಾವುದೋ ಪ್ರಯಾಣಮಂತ್ರವೆಂದು ತಿಳಿದು, ಕೈಜೋಡಿಸಿ, ಕಣ್ಣು ಮುಚ್ಚಿ, ಕೊನೆಗೆ ತಲೆಬಾಗಿದಳಂತೆ. ಇನ್ನೊಮ್ಮೆ ರೈಲ್ವೆ ನಿಲ್ದಾಣದಲ್ಲಿ ಹತ್ತಿ ಕೂತವರು, ಒಂದು ಕಾಲಕ್ಕೆ ಇವರು ಯಾರ ಕೆಳಗೆ ಕೆಲಸ ಮಾಡಿದ್ದರೋ ಆ ನಿವೃತ್ತ ನ್ಯಾಯಾಧೀಶರು. ಅರ್ಧ ದಾರಿಯವರೆಗೂ ಕನ್ನಡಿಯಲ್ಲಿ ನೋಡಿ ನೋಡಿ, ಕೊನೆಗೆ, "ಶಿರಸ್ತೇದಾರರೇ?" ಎಂದರು. "ಹೌದು ಸ್ವಾಮಿ. ಸೀಟ್ ಬೆಲ್ಟ್ ಹಾಕ್ಕೊಂಡಿಲ್ಲ ತಾವು," ಎಂದರಂತೆ ಇವರು. ಆ ಮಹಾನುಭಾವರು ತಕ್ಷಣ ಬೆಲ್ಟು ಎಳೆದು ಹಾಕಿಕೊಂಡರಂತೆ.

ಹೀಗೆ ಹೇಳುವಾಗ ಎಲ್ಲವೂ ವಿನೋದವಾಗಿ ಕಾಣುತ್ತದೆ. ಮನೆಯೊಳಗೆ ವಿನೋದವಿರಲಿಲ್ಲ. ಮೇಷ್ಟ್ರು ಬೈಯಲಿಲ್ಲ, ತಡೆಯಲಿಲ್ಲ. ಆಸ್ಪತ್ರೆಗೆ ಹೋಗುವಾಗ ಹಿಂದಿನ ಸೀಟಿನಲ್ಲಿ ಶಾಲನ್ನು ಹುಬ್ಬಿನವರೆಗೆ ಎಳೆದುಕೊಂಡು ಕೂರುತ್ತಿದ್ದರು. "ನನ್ನೊಂದು ದೇಹ ಹೊರೋದಕ್ಕೆ ಇವಳು ಎಲ್ಲೆಲ್ಲಿಗೆ ಬಂದಳು ನೋಡು," ಎಂದು ಒಮ್ಮೆ ನನ್ನೆದುರು ಅಂದು, ಅಂದದ್ದಕ್ಕೆ ನಾಚಿ, ಲಹರಿಯ ಕೆನ್ನೆ ಸವರಿದ್ದರು.

ಆ ಮಂಗಳವಾರ ಲಹರಿಗೆ ಲಸಿಕೆ ಹಾಕಿಸುವುದಿತ್ತು. ಚೂಡಾಮಣಿಯಮ್ಮನವರೇ ಕರೆದುಕೊಂಡು ಹೋದರು, ಹಿಂದಿರುಗುವಾಗ ಅಳುವ ಮಗುವಿಗೆ ಬಾಳೆಹಣ್ಣು ಕೊಡಿಸಿದರು, ಗೇಟಿನ ಮುಂದೆ ಗಾಡಿ ನಿಲ್ಲಿಸಿ, "ಇನ್ನೂರ ಹತ್ತು," ಎಂದರು. ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಎತ್ತಿ ಆಡಿಸಿದ ಮಗುವಿನ ಲಸಿಕೆಗೂ ಬಾಡಿಗೆಯೇ?

"ತಪ್ಪು ತಿಳ್ಕೋಬೇಡ ಕಣೇ. ದುಡ್ಡು ತಗೊಳ್ದೆ ಕರ್ಕೊಂಡು ಹೋದ್ರೆ ನಾನು ಸಹಿ ಹಾಕಿದ್ದು ಸುಳ್ಳಾಗುತ್ತೆ."

ಕೊಟ್ಟೆ. ಕೊಡುವಾಗ, ಸ್ವಲ್ಪ ಮುನಿಸಿನಿಂದಲೇ, ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ: "ಹಾಗಾದ್ರೆ ಮೇಷ್ಟ್ರನ್ನ ಕರ್ಕೊಂಡು ಹೋಗೋದು?"

ಅವರ ಕೈ ಸ್ಟೀರಿಂಗ್ ಮೇಲೆ ಇದ್ದಂತೆಯೇ ನಿಂತಿತು. ಯಾವ ಸಾಲನ್ನೂ ಹಾರಿಸದ ಹೆಂಗಸು ಆ ಒಂದು ಕಡೆ ಮಾತ್ರ ಕಣ್ಣು ಬೇರೆಡೆಗೆ ಹೊರಳಿಸಿಕೊಂಡು ಇಷ್ಟು ವಾರ ನಡೆದಿದ್ದರು. ನಾನು ಬೆರಳಿಟ್ಟು ತೋರಿಸಿಬಿಟ್ಟೆ. ಆ ರಾತ್ರಿ ಡೈರಿಯಲ್ಲಿ ಒಂದೇ ವಾಕ್ಯ ಬರೆದೆ: ಬಾಯಿ ಮುಚ್ಚಿಕೊಂಡಿರಬಹುದಿತ್ತು.

ಬುಧವಾರ ಬೆಳಿಗ್ಗೆ ಮಹಡಿ ಮೆಟ್ಟಿಲಲ್ಲಿ ನಿಂತು ನಾನು ಕೇಳಿಸಿಕೊಂಡದ್ದು ಇಷ್ಟು.

"ನೂರ ಎಂಬತ್ತಾಗುತ್ತೆ ರೀ."

"ಯಾವುದಕ್ಕೆ?"

"ಆಸ್ಪತ್ರೆಗೆ. ಬಾಡಿಗೆ."

ಮೇಷ್ಟ್ರು ತಮಾಷೆಯೆಂದುಕೊಂಡು ಮೊದಲು ನಕ್ಕಿರಬೇಕು. ಆಮೇಲೆ ದನಿ ಸಣ್ಣದಾಯಿತು. "ಹೆಂಡತಿಗೆ ಬಾಡಿಗೆ ಕೊಟ್ಟು ಜೀವ ಉಳಿಸಿಕೊಳ್ಳೋ ಗತಿ ನನಗಿನ್ನೂ ಬಂದಿಲ್ಲ ಚೂಡಾಮಣಿ." ಊರುಗೋಲಿನ ಸದ್ದು ಒಳಕ್ಕೆ ಹೋಯಿತು. ಮಂಚದ ಸದ್ದು. ಗೋಡೆಯ ಕಡೆಗೆ ಮುಖ ಮಾಡಿ ಮಲಗಿದವರು ಆ ದಿನದ ಡಯಾಲಿಸಿಸ್ಸಿಗೆ ಹೋಗಲೇ ಇಲ್ಲ.

ಗುರುವಾರದ ಹೊತ್ತಿಗೆ ಪಾದದ ಊತ ಮೊಣಕಾಲಿಗೇರಿತ್ತು. ಆಸ್ಪತ್ರೆಯಿಂದ ಫೋನು: ತಕ್ಷಣ ಬನ್ನಿ, ತಡ ಮಾಡಿದಷ್ಟೂ ನೀರು ಎದೆಗೆ ತುಂಬುತ್ತದೆ. ಆಂಬುಲೆನ್ಸ್ ಎಂದರೆ ಮೇಷ್ಟ್ರು ಕಿವಿ ಮುಚ್ಚಿಕೊಂಡರು. ನಾನು ಸರ್ಕಲ್ಲಿಗೆ ಹೋಗಿ ಆಟೋದ ನಿಂಗಯ್ಯನನ್ನು ಕರೆತಂದೆ. ಅವನು ಪಾಪ, ಕಂಕುಳಿಗೆ ಕೈಕೊಟ್ಟು ಎತ್ತಿ ನೋಡಿದ, ಕಾಲು ಹಿಡಿದು ಒಳಗಿಡಲು ನೋಡಿದ. "ಆಗಾಕಿಲ್ಲ ಕಣಮ್ಮ, ಮಂಡಿ ಮಡಿಸಾಕೇ ಆಗ್ತಿಲ್ಲ ಅವ್ರಿಗೆ. ಬಿದ್ಗಿದ್ಬುಟ್ರೆ ಎಂಗೆ?" ಎಂದು ಕೈಬಿಟ್ಟ. ಅಗಲ ಬಾಗಿಲಿನ ಎತ್ತರ ಸೀಟಿನ ಗಾಡಿ ಐದು ಹೆಜ್ಜೆಯಾಚೆ ನಿಂತಿತ್ತು. ಅದು ಬಂದದ್ದೇ ಇವರಿಗಾಗಿ. ಬಾಡಿಗೆ ನಾನೇ ಕೊಡುತ್ತೇನೆಂದರೆ ಮೇಷ್ಟ್ರು ಒಪ್ಪಲಿಲ್ಲ.

ನನ್ನ ತಾಳ್ಮೆ ತಪ್ಪಿತು. "ಒಂದು ದಿನದ ಮಟ್ಟಿಗೆ ಸುಳ್ಳಾದ್ರೆ ಏನಾಗುತ್ತಮ್ಮ?" ಎಂದೆ. ದೊಡ್ಡವರ ಮೇಲೆ ದನಿಯೆತ್ತಿದ್ದು ಅದೇ ಮೊದಲು.

"ಒಂದು ದಿನದ ಮಟ್ಟಿಗೆ ಅಂತ ಸುಳ್ಳು ಹೇಳಿದವರ ಕಡತಗಳನ್ನೇ ವಾಣಿ, ನಾನು ಜೀವನವಿಡೀ ದಾರ ಕಟ್ಟಿ ಇಟ್ಟಿದ್ದು."

ಅಷ್ಟು ಹೇಳಿ ಒಳಗೆ ಹೋದರು. ಆಗ ನನಗೆ ಅವರ ಮೇಲೆ ಬಂದದ್ದು ಕೋಪವಲ್ಲ, ಒಂದು ಬಗೆಯ ಭಯ. ಕಣ್ಣೆದುರಿಗೆ ಮನುಷ್ಯ ಊದುತ್ತಿದ್ದಾನೆ, ಇವರು ಒಂದು ವಾಕ್ಯವನ್ನು ಕಾಯುತ್ತ ಕೂತಿದ್ದಾರೆ. ಪ್ರೀತಿಯಿದ್ದವರು ಹೀಗಿರಲು ಸಾಧ್ಯವೇ? ಮಗುವನ್ನು ಎದೆಗೊತ್ತಿಕೊಂಡು ಮಹಡಿಯಲ್ಲಿ ಕೂತಿದ್ದೆ. ಕೆಳಗಿನಿಂದ ಮೇಷ್ಟ್ರ ಉಸಿರು, ಒದ್ದೆ ಬಟ್ಟೆ ಎಳೆದಂತೆ, ಕೇಳುತ್ತಿತ್ತು.

ಶುಕ್ರವಾರ ಬೆಳಕು ಹರಿಯುವಾಗ ಗಾಡಿಯ ಬಾಗಿಲು ತೆರೆದ ಸದ್ದಾಯಿತು. ಇಳಿದು ಬಂದೆ. ಮೇಷ್ಟ್ರು ಮಲಗಲಾರದೆ ಜಗಲಿಯ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತಿದ್ದರು. ಚೂಡಾಮಣಿಯಮ್ಮನವರು ಖಾಕಿ ಕೋಟು ತೊಟ್ಟು ಗಾಡಿಯ ಪಕ್ಕದಲ್ಲಿ ನಿಂತಿದ್ದರು. ಇಡೀ ರಾತ್ರಿ ನಿದ್ದೆಗೆಟ್ಟ ಕಣ್ಣು. ಗಂಡನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೋಟಿನ ಗುಂಡಿಗಳನ್ನು ಮೇಲಿನಿಂದ ಒಂದೊಂದಾಗಿ ಬಿಚ್ಚಿದರು. ತೋಳಿನಿಂದ ಎಳೆದು, ಎರಡಾಗಿ ಮಡಚಿ, ಜಗಲಿಯ ಮೇಲಿಟ್ಟರು.

"ಬನ್ನಿ. ಇವತ್ತು ಇದು ಬಾಡಿಗೆ ಗಾಡಿ ಅಲ್ಲ. ಪ್ರಮಾಣ ಮುರಿದೆ ಅಂತ ನಾಳೆ ನಾನೇ ಹೋಗಿ ಬರೆದುಕೊಡ್ತೀನಿ. ಗಾಡಿ ತಗೊಂಡು ಹೋದ್ರೆ ಹೋಗಲಿ."

ಮೇಷ್ಟ್ರು ಅವರ ಮುಖವನ್ನು ನೋಡಲಿಲ್ಲ. ಮಡಚಿಟ್ಟ ಕೋಟನ್ನು ನೋಡಿದರು. ನಲವತ್ತು ವರ್ಷ ಒಟ್ಟಿಗೆ ಬಾಳಿದವರಿಗೆ ಮಾತ್ರ, ಆ ಬಟ್ಟೆಯ ಮಡಿಕೆಯಲ್ಲಿ ಏನು ಮುರಿದು ಬಿದ್ದಿದೆ ಎಂಬುದು ಕಾಣುತ್ತದೆಯೋ ಏನೋ.

"ಹಾಕ್ಕೋ," ಎಂದರು.

"ರೀ, ಹೊತ್ತಿಲ್ಲ. ಬನ್ನಿ."

"ಕೋಟು ಹಾಕ್ಕೋ ಚೂಡಾಮಣಿ." ಒಂದೊಂದು ಪದಕ್ಕೂ ಉಸಿರು ಹುಡುಕುತ್ತಿದ್ದರು. "ವಾಣಿ, ಪಂಚಾಂಗದ ಕರಡು ತಿದ್ದಿದ್ದಕ್ಕೆ ಪ್ರೆಸ್ಸಿನವರು ಕೊಟ್ಟ ದುಡ್ಡು... ನನ್ನ ಮೇಜಿನ ಖಾನೇಲಿದೆ. ತಗೊಂಡು ಬಾಮ್ಮ." ನಾನು ತಂದೆ. ಎಣಿಸಲು ಕೈ ಸಾಗದೆ ಅಷ್ಟನ್ನೂ ಹೆಂಡತಿಯ ಕಡೆಗೆ ಚಾಚಿದರು. "ನೂರ ಎಂಬತ್ತು ಜಾಸ್ತಿ ಆಯ್ತು. ನಿಂಗಯ್ಯ ನೂರ ಮೂವತ್ತಕ್ಕೆ ಬರ್ತಿದ್ದ."

ಚೂಡಾಮಣಿಯಮ್ಮನವರು ಕೋಟು ತೊಟ್ಟರು. ಗುಂಡಿ ಒಂದು ಮನೆ ಹೆಚ್ಚು ಕಮ್ಮಿಯಾಗಿತ್ತು. "ಅವನ ಆಟೋದಲ್ಲಿ ಎತ್ತರದ ಸೀಟಿಲ್ಲ ಸ್ವಾಮಿ," ಎಂದರು, ಗಿರಾಕಿಗಳೊಡನೆ ಆಡುವ ದನಿಯಲ್ಲಿಯೇ. ಕಣ್ಣಿಂದ ನೀರು ಮಾತ್ರ ಧಾರೆಯಾಗಿ ಇಳಿಯುತ್ತಿತ್ತು.

ಸಂಜೆಯವರೆಗೆ ಕಾದಿದ್ದರೆ ಏನಾಗುತ್ತಿತ್ತು ಎಂಬುದನ್ನು ಆಸ್ಪತ್ರೆಯ ವೈದ್ಯರು ನಮಗೆ ಮೆಲ್ಲನೆ, ಆದರೆ ಮುಚ್ಚಿಡದೆ ಹೇಳಿದರು. ಇಬ್ಬರೂ ಎಂಥ ಅಂಚಿನವರೆಗೆ ಹೋಗಿ ನಿಂತಿದ್ದರು, ಒಂದು ಸಹಿಯ ಮರ್ಯಾದೆಗಾಗಿ ಒಬ್ಬರು, ಗಂಡಸಿನ ಮರ್ಯಾದೆಗಾಗಿ ಇನ್ನೊಬ್ಬರು.

ಅಲ್ಲಿಂದಾಚೆ ಮೇಷ್ಟ್ರು ಬೇರೆಯೇ ಆದರು. ಶಾಲು ಹುಬ್ಬಿನಿಂದ ಹೆಗಲಿಗಿಳಿಯಿತು. ದುಡ್ಡು ಕೊಡುವ ಗಿರಾಕಿಯ ಹಕ್ಕಿನಿಂದ ಗಾಡಿ ಎರಡು ನಿಮಿಷ ತಡವಾದರೆ ಆಕ್ಷೇಪಣೆ, ಎಸಿ ಹೆಚ್ಚಾದರೆ ಆಕ್ಷೇಪಣೆ, ಗುಂಡಿಯಲ್ಲಿ ಚಕ್ರ ಇಳಿದರೆ, "ಡ್ರೈವರಮ್ಮ, ರಸ್ತೆ ನೋಡಿ ಓಡಿಸ್ರೀ." ಪಕ್ಕದ ಮಂಚದ ರೋಗಿಗಳಿಗೆ ಹೆಂಡತಿಯನ್ನು "ನಮ್ಮ ಡ್ರೈವರ್, ಬಹಳ ಓದಿಕೊಂಡವರು" ಎಂದು ಪರಿಚಯಿಸುವುದು. ಬಾಡಿಗೆಯ ದುಡ್ಡಿಗಾಗಿ ಇನ್ನೆರಡು ಪಂಚಾಂಗಗಳ ಕರಡು ತಿದ್ದುವ ಕೆಲಸ ಹಿಡಿದರು. ಡಯಾಲಿಸಿಸ್ಸಿನ ನಾಲ್ಕು ಗಂಟೆಯೂ ಸೂಜಿಯಿಲ್ಲದ ಕೈಯಲ್ಲಿ ಕೆಂಪು ಪೆನ್ಸಿಲು. ಹೊತ್ತುಕೊಂಡು ಹೋಗಬೇಕಾದ ಮೈಯೊಂದು, ಬಾಡಿಗೆ ಗೊತ್ತುಮಾಡಿ ಹೊರಡುವ ಮನುಷ್ಯನಾಗಿ ಮಾರ್ಪಟ್ಟದ್ದನ್ನು ನಾನು ಕಣ್ಣಾರೆ ಕಂಡೆ. ಚೂಡಾಮಣಿಯಮ್ಮನವರು ಇದನ್ನು ಮೊದಲೇ ಯೋಚಿಸಿ ಮಾಡಿದರೇ? ಖಂಡಿತ ಇಲ್ಲ. ಅವರು ಯೋಚಿಸಿದ್ದು ಪ್ರಮಾಣಪತ್ರದ ಒಂದು ಸಾಲನ್ನು ಮಾತ್ರ.

ಹದಿನಾಲ್ಕು ತಿಂಗಳ ನಂತರ, ಮಾಘಮಾಸದ ಒಂದು ಬುಧವಾರ, ಯಂತ್ರದ ಪಕ್ಕದ ಮಂಚದಲ್ಲಿಯೇ ಮೇಷ್ಟ್ರ ಹೃದಯ ನಿಂತಿತು. ಶರೀರ ಆಸ್ಪತ್ರೆಯ ಗಾಡಿಯಲ್ಲಿ ಮುಂದೆ ಹೋಯಿತು. ಹಿಂದೆ ನಮ್ಮದು, ಓಡಿಸುತ್ತಿದ್ದ ಚೂಡಾಮಣಿಯಮ್ಮನವರ ಪಕ್ಕದಲ್ಲಿ ನಾನಿದ್ದೆ. ಹಳದಿ ಬೋರ್ಡಿನ ಗಾಡಿಯ ಹಿಂದಿನ ಸೀಟುಗಳು ಖಾಲಿಯಿದ್ದುದನ್ನು ಕಂಡು ದಾರಿಯಲ್ಲಿ ಇಬ್ಬರು ಕೈಯೆತ್ತಿದರು. ಚೂಡಾಮಣಿಯಮ್ಮನವರು ಇಬ್ಬರಿಗೂ, ಕ್ಷಮಿಸಿ ಎನ್ನುವಂತೆ, ತಲೆಯಲ್ಲಾಡಿಸಿದರು.

ವೈಕುಂಠ ಸಮಾರಾಧನೆ ಮುಗಿಯಿತು. ಮರುದಿನ ಬೆಳಿಗ್ಗೆ ಎಂಟಕ್ಕೆ ಕೆಳಗೆ ಎಂಜಿನ್ನಿನ ಸದ್ದು ಕೇಳಿ, ಗಾಡಿಯನ್ನು ಸುಂದರೇಶ ವಾಪಸು ಕೊಂಡೊಯ್ಯುತ್ತಿದ್ದಾನೆಂದುಕೊಂಡು ಇಳಿದುಬಂದವಳು ಮೆಟ್ಟಿಲಲ್ಲಿಯೇ ನಿಂತುಬಿಟ್ಟೆ. ಖಾಕಿ ಕೋಟು. ಹಣೆಯಲ್ಲಿ ಕುಂಕುಮವಿಲ್ಲ, ಮೇಲ್ಜೇಬಿನಲ್ಲಿ ಪೆನ್ನಿದೆ. ಸುಂದರೇಶ ಗೇಟಿನ ಬಳಿ ಕಾಫಿ ಲೋಟ ಹಿಡಿದು ಕಕ್ಕಾಬಿಕ್ಕಿಯಾಗಿ ನಿಂತಿದ್ದ. ಎದುರುಮನೆಯ ಸುಮಿತ್ರಮ್ಮನ ಕೈ ಬಾಯಿಗೆ ಹೋಗಿತ್ತು.

"ಅಕ್ಕಾ, ಇದೇನೇ ಇದು? ಇನ್ನು ಯಾರಿಗೋಸ್ಕರ ಇದೆಲ್ಲ?"

"ನಿನ್ನ ಭಾವನಿಗೋಸ್ಕರ ಅಂತ ನಾನು ಎಲ್ಲೂ ಬರೆದುಕೊಟ್ಟಿಲ್ಲ ಸುಂದ್ರು." ದನಿ ಸಮವಾಗಿತ್ತು. "ಪರ್ಮಿಟ್ಟಿಗೆ ಇನ್ನೂ ಮೂರು ವರ್ಷಕ್ಕೆ ಮೇಲಿದೆ. ಗೋಕುಲಂನಲ್ಲಿ ಎಂಟೂವರೆಗೆ ಬರ್ತೀನಿ ಅಂದಿದ್ದೀನಿ, ಸ್ವಲ್ಪ ಆ ಕಡೆ ನಿಲ್ಲು."

ಅವನು ಸರಿದು ನಿಂತ. ಗಾಡಿ ತಿರುವಿನಲ್ಲಿ ಮರೆಯಾಯಿತು.

ಅಂದಿನಿಂದ ಅವರಂಥ ಮನುಷ್ಯರ ವಿಷಯ ಆಗಾಗ ಯೋಚಿಸುತ್ತೇನೆ. ಇಂಥವರು ತಪ್ಪೇ ಮಾಡುವುದಿಲ್ಲವೆಂದಲ್ಲ. ಆಯಾಸದಲ್ಲಿ, ಅವಸರದಲ್ಲಿ, ಪ್ರೀತಿಪಾತ್ರರ ಪ್ರಾಣ ಲಿಫ್ಟಿನ ಬಾಗಿಲಾಚೆ ಹೋಗುತ್ತಿರುವಾಗ ಅವರ ಕೈಯೂ ಎಲ್ಲರ ಕೈಯಂತೆ ಜಾರುತ್ತದೆ. ಆದರೆ ನಾವು, ಜಾರಿದ್ದನ್ನು ಒರೆಸಿಹಾಕಲು ಸಾಬೂನು ಹುಡುಕುವ ಹೊತ್ತಿನಲ್ಲಿ, ಅವರು ಆ ತಪ್ಪನ್ನೇ ಹೊದ್ದುಕೊಂಡು, ಅದು ನಿಜವಾಗುವವರೆಗೆ ದುಡಿಯಲು ಹೊರಟುಬಿಡುತ್ತಾರೆ. ಅವರೊಡನೆ ಬಾಳುವುದು ಸುಖವೆಂದು ಹೇಳಲಾರೆ. ಎದೆ ಧಸಕ್ಕೆನ್ನುವ ಬೆಳಗುಗಳು ಹೆಚ್ಚು, ಅವರ ಹಟಕ್ಕೆ ಹತ್ತಿರದವರ ಉಸಿರೇ ಒತ್ತೆಯಾಗುವುದೂ ಉಂಟು. ಹಾಗಿದ್ದೂ ಮೊನ್ನೆ ಲಹರಿಯ ಶಾಲೆಗೆ ಅರ್ಜಿ ತುಂಬುವಾಗ, ಮನೆ ಶಾಲೆಗೆ ಹತ್ತಿರವೆಂದು ತೋರಿಸಲು ಗೆಳತಿಯ ವಿಳಾಸ ಬರೆಯಹೊರಟ ನನ್ನ ಪೆನ್ನು ತಾನಾಗಿ ತಡೆದು ನಿಂತಿತು. ಯಾರೂ ನೋಡುತ್ತಿರಲಿಲ್ಲ. ನಮ್ಮದೇ ವಿಳಾಸ ಬರೆದೆ, ಸೀಟು ಸಿಗಲಿಲ್ಲ. ಅಂಥವರು ನಮ್ಮ ನೆರೆಯಲ್ಲಿ ಬಾಳುವುದಕ್ಕೆ ನಾವು ತೆರಬೇಕಾದ ಸುಂಕ ಅದು, ಯಾವ ಬಣ್ಣದ ಫಲಕ ಹಾಕಿಸಿದರೂ ಕಡಿಮೆಯಾಗದಂಥದ್ದು.